ತುಕ್ಕು ಮೊದಲು, ನಾಲ್ಕು ಚಕ್ರ ಆಮೇಲೆ

ಹಳೆಯ ಮಿತ್ಸುಬಿಶಿ ಡೆಲಿಕಾ ವ್ಯಾನ್ ಕೊಳ್ಳುವ ಹುಚ್ಚು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಶುರುವಾಗಿ ಬಹಳ ಕಾಲವಾಯಿತು. ಕಂಪನಿ ಈ ನಾಲ್ಕು ಚಕ್ರದ (ಫೋರ್ ವೀಲ್ ಡ್ರೈವ್) ವ್ಯಾನನ್ನು ಇಲ್ಲಿ ಮಾರಿದ್ದೇ ಇಲ್ಲ. ಆದರೂ ವ್ಯಾಂಕೂವರಿನ ಬೀದಿಯಲ್ಲಿ ಅದು ಅಪರೂಪವಲ್ಲ. 15 ವರ್ಷ ತುಂಬಿದ ವಾಹನಕ್ಕೆ ಕೆನಡಾದ ಆಮದು ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಇದೆ. ಪಕ್ಕದ ಅಮೆರಿಕದಲ್ಲಿ ಅದೇ ಗಾಡಿಗೆ 25 ವರ್ಷ ಕಾಯಬೇಕು. ಅತ್ತ ಜಪಾನಿನಲ್ಲಿ ಹೊಸ ಗಾಡಿಗೆ ಮೂರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡೆರಡು ವರ್ಷಕ್ಕೆ ‘ಶಾಕೆನ್’ ಎಂಬ ದುಬಾರಿ ತಪಾಸಣೆ. ಆ ಖರ್ಚು ಬೇಡವೆಂದು ಅಲ್ಲಿನವರು ಚೆನ್ನಾಗಿ ಓಡುವ ಗಾಡಿಯನ್ನೂ ಹರಾಜಿಗೆ ಹಾಕುತ್ತಾರೆ. ಹಡಗು ಹತ್ತಿ ಇಲ್ಲಿಗೆ ಬಂದರೆ ಅದು ಮಲಗಲು ಹಾಸಿಗೆ, ಹಿಮದ ಬೆಟ್ಟ ಹತ್ತಲು ಕಾಲು, ಎರಡೂ ಆಗುತ್ತದೆ.

ಕರ್ನಾಟಕದವರಿಗೂ ಇದು ಪೂರ್ತಿ ಅಪರಿಚಿತ ಗಾಡಿಯಲ್ಲ. 90ರ ದಶಕದ ಕೊನೆಯಲ್ಲಿ ಮಹೀಂದ್ರ ‘ವಾಯೇಜರ್’ ಎಂದು ಮಾರಿದ ವ್ಯಾನಿನ ಬಾಡಿ ಹಿಂದಿನ ತಲೆಮಾರಿನ ಡೆಲಿಕಾದ್ದು; ಮನೆಮಂದಿಯ ಕಾರಾಗಿ ಅದು ನಡೆಯಲಿಲ್ಲ, ಆಂಬುಲೆನ್ಸಾಗಿ ಕೆಲವರ ನೆನಪಿನಲ್ಲಿ ಉಳಿದಿರಬಹುದು. 1994ರಲ್ಲಿ ಬಂದ ಎಲ್400 ‘ಸ್ಪೇಸ್ ಗೇರ್’ ಡೆಲಿಕಾದ 2.8 ಲೀಟರ್ ಡೀಸೆಲ್ ಇಂಜಿನ್ನು 4ಎಂ40. ಹಿಂದೂಸ್ತಾನ್ ಮೋಟರ್ಸ್ ನಮ್ಮಲ್ಲಿ ಮಾರುತ್ತಿದ್ದ ಪಜೇರೊ ಎಸ್‌ಎಫ್‌ಎಕ್ಸ್‌ನಲ್ಲಿದ್ದದ್ದೂ ಅದೇ.

ಹಳೆಯ ನಾಲ್ಕು ಚಕ್ರದ ವ್ಯಾನ್ ಕೊಳ್ಳುವುದನ್ನು ಒಳ್ಳೆಯ ಅಭ್ಯಾಸ ಎಂದೇ ನಾನು ತಿಳಿದವನು. ಅರವತ್ತು ಎಪ್ಪತ್ತು ಸಾವಿರ ಡಾಲರಿನ ಹೊಸ ಗಾಡಿಗೆ ಸಾಲ ಮಾಡಿ, ಅದಕ್ಕೆ ಗೀರು ಬೀಳುತ್ತದೆಂದು ಕಾಡುದಾರಿಗೆ ಇಳಿಸದೆ ಇಟ್ಟುಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ. ನನ್ನ ತಕರಾರು ಕೊಳ್ಳುವ ಕ್ರಮದ ಬಗ್ಗೆ. ಜನ ಮೊದಲು ನೋಡುವುದು ಫೋರ್ ವೀಲ್ ಡ್ರೈವಿನ ಲಿವರನ್ನು, ಆಮೇಲೆ ಒಳಗಿನ ಹಾಸಿಗೆಯನ್ನು, ಆಮೇಲೆ ಓಡಿದ ಕಿಲೋಮೀಟರನ್ನು. ಗಾಡಿಯ ಹೊಟ್ಟೆಯ ಕೆಳಗೆ ಟಾರ್ಚು ಹಿಡಿಯುವುದು ಎಲ್ಲಕ್ಕಿಂತ ಕೊನೆಗೆ, ಅದೂ ದುಡ್ಡು ಕೊಟ್ಟಾದ ಮೇಲೆ.

ಆ ಲಿವರಿನ ಮಾತನ್ನೇ ಮೊದಲು ಮುಗಿಸೋಣ. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋದರೆ ಗಾಡಿ ನಿಂತಲ್ಲಿಂದ ಜಾರದೆ ಹೊರಡುತ್ತದೆ, ಏರು ಹತ್ತುತ್ತದೆ. ಬ್ರೇಕ್ ಒತ್ತಿದಾಗ ಅದರಿಂದ ಯಾವ ಉಪಕಾರವೂ ಇಲ್ಲ. ಎರಡು ಚಕ್ರದ ಡ್ರೈವಿರುವ ಕಾರಿಗೂ ಬ್ರೇಕು ನಾಲ್ಕು ಚಕ್ರಕ್ಕೇ ಇರುತ್ತದೆ. ಮಂಜುಗಡ್ಡೆಯ ಮೇಲೆ ನಿಲ್ಲಿಸುವುದು ಟೈರು ಮಾತ್ರ. ಸುಮಾರು ಎರಡು ಟನ್ ತೂಗುವ ವ್ಯಾನಿನೊಳಗೆ ಮರದ ಹಲಗೆ, ನೀರಿನ ಕ್ಯಾನು, ಬ್ಯಾಟರಿ, ಒಲೆ ತುಂಬಿದ ಮೇಲಂತೂ ಅದು ಚಿಕ್ಕ ಕಾರಿಗಿಂತ ಬೇಗ ನಿಲ್ಲುವ ಮಾತೇ ಇಲ್ಲ. ಇನ್ನೂ ದೊಡ್ಡ ಅಪಾಯವೊಂದಿದೆ. ಎರಡು ಚಕ್ರದ ಗಾಡಿ ಹೊರಡುವಾಗಲೇ ತಿಣುಕಿ, ಚಕ್ರ ತಿರುಗಿಸಿ, ಇವತ್ತು ರಸ್ತೆ ಸರಿಯಿಲ್ಲ ಎಂದು ಹೇಳಿಬಿಡುತ್ತದೆ. ನಾಲ್ಕು ಚಕ್ರದ್ದು ಏನೂ ಆಗದಂತೆ ಹೊರಟುಬಿಡುತ್ತದೆ; ರಸ್ತೆ ಎಷ್ಟು ಜಾರುತ್ತಿತ್ತು ಎನ್ನುವುದು ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದಾಗಲೇ ತಿಳಿಯುವುದು.

ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಚಳಿಗಾಲದ ಟೈರು ಕಡ್ಡಾಯ; ಟೈರಿನ ಗೀರು ಕನಿಷ್ಠ 3.5 ಮಿಲಿಮೀಟರ್ ಆಳ ಇರಬೇಕು. ಬದಿಯಲ್ಲಿ ‘ಎಂ ಪ್ಲಸ್ ಎಸ್’ ಎಂದು ಅಚ್ಚಾಗಿದ್ದರೂ ಕಾನೂನು ಒಪ್ಪುತ್ತದೆ. ನಾನು ಒಪ್ಪುವುದಿಲ್ಲ. ಬೆಟ್ಟದ ಗೆರೆಯೊಳಗೆ ಹಿಮದ ಹರಳಿನ ಗುರುತಿರುವ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗಿರುತ್ತದೆ. ಸಾಮಾನ್ಯ ಬೇಸಿಗೆ ಟೈರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯಾಗುತ್ತಾ ಹೋಗುತ್ತದೆ. ಗಾಡಿಯ ಬೆಲೆ ಮಾತಾಡುವಾಗಲೇ ನಾಲ್ಕು ಹೊಸ ಟೈರಿನ ದುಡ್ಡನ್ನು ಲೆಕ್ಕಕ್ಕೆ ಸೇರಿಸದವರು ಗಾಡಿಯನ್ನು ಅರ್ಧ ಮಾತ್ರ ಕೊಂಡಂತೆ.

‘ನಾಲ್ಕು’ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಬಗೆಯ ಬಹಳಷ್ಟು ವ್ಯಾನುಗಳಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವೆ ವಿಸ್ಕಸ್ ಕಪ್ಲಿಂಗ್ ಎಂಬ ಮುಚ್ಚಿದ ಡಬ್ಬಿ ಇರುತ್ತದೆ. ಒಳಗೆ ಒತ್ತೊತ್ತಾಗಿ ಜೋಡಿಸಿದ ಲೋಹದ ತಟ್ಟೆಗಳು, ಅವುಗಳ ಸಂದಿನಲ್ಲಿ ಗಟ್ಟಿ ಸಿಲಿಕೋನ್ ಎಣ್ಣೆ. ಒಂದು ಕಡೆಯ ಚಕ್ರ ಜಾರಿ ಹೆಚ್ಚು ತಿರುಗಿತೆಂದರೆ ತಟ್ಟೆಗಳು ಎಣ್ಣೆಯನ್ನು ಕಡೆಯುತ್ತವೆ, ಎಣ್ಣೆ ಬಿಸಿಯಾಗಿ ಹಿಗ್ಗುತ್ತದೆ, ಬಲ ಇನ್ನೊಂದು ಕಡೆಗೆ ದಾಟುತ್ತದೆ. ಇಲ್ಲಿ ಕಂಪ್ಯೂಟರಿನ ಕೆಲಸವೇ ಇಲ್ಲ. ಆದರೆ ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಹಾಕಿದರೆ ಸುತ್ತಳತೆಯ ವ್ಯತ್ಯಾಸದಿಂದ ಆ ಡಬ್ಬಿ ಒಣ ಹೆದ್ದಾರಿಯಲ್ಲೂ ಬಿಡುವಿಲ್ಲದೆ ಕಡೆಯುತ್ತಲೇ ಇರುತ್ತದೆ. ಹಿಂದಿನ ಮಾಲೀಕ ಒಂದು ಪಂಕ್ಚರಿಗೆ ಒಂದೇ ಹೊಸ ಟೈರು ಹಾಕಿಸಿ ಉಳಿಸಿದ ದುಡ್ಡನ್ನು ಕೊಂಡವನು ಸಾವಿರಾರು ಡಾಲರಿನಲ್ಲಿ ತೀರಿಸಬೇಕಾಗುತ್ತದೆ.

ಈ ಕಪ್ಲಿಂಗನ್ನು ಪರೀಕ್ಷಿಸುವುದು ಸುಲಭ. ಖಾಲಿ ಪಾರ್ಕಿಂಗಿನ ಒಣ ನೆಲದಲ್ಲಿ ಹತ್ತು ನಿಮಿಷ ಓಡಿಸಿ ಬಿಸಿಯಾದ ಗಾಡಿಯ ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಮುಟ್ಟದೆ ನಿಧಾನ ಬಿಡಬೇಕು. ಕಪ್ಲಿಂಗ್ ಸರಿಯಿದ್ದರೆ ಗಾಡಿ ತಾನಾಗಿ ಸುತ್ತು ಹಾಕುತ್ತದೆ. ಕಪ್ಲಿಂಗ್ ಬಿಗಿದುಹೋಗಿದ್ದರೆ ಯಾರೋ ಬ್ರೇಕ್ ಹಿಡಿದ ಹಾಗೆ ತಡೆದು ನಿಲ್ಲುತ್ತದೆ, ಟೈರು ಕಿರುಗುಟ್ಟುತ್ತದೆ. ಎಲ್400ರ ಸೂಪರ್ ಸೆಲೆಕ್ಟ್ ವ್ಯವಸ್ಥೆಯಲ್ಲಿ ಎರಡು ಚಕ್ರ, ಒಣ ರಸ್ತೆಗೂ ಒಗ್ಗುವ ನಾಲ್ಕು ಚಕ್ರ, ನಡುವಿನ ಡಿಫರೆನ್ಷಿಯಲ್ ಲಾಕ್ ಆದ ನಾಲ್ಕು ಚಕ್ರ, ಲೋ ಗೇರು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಆಯ್ಕೆಗಳಿವೆ. ನಾನು ಈ ಗಾಡಿಯನ್ನು ಮೆಚ್ಚುವುದಕ್ಕೆ ಮುಖ್ಯ ಕಾರಣ ಇದೇ. ಅರ್ಧ ಹಿಮ ಅರ್ಧ ಡಾಂಬರು ಕಾಣುವ ಮಾರ್ಚಿ ತಿಂಗಳ ರಸ್ತೆಗೆ ಎರಡನೆಯ ಮೆಟ್ಟಿಲು ಹೇಳಿ ಮಾಡಿಸಿದ್ದು. ಎಲ್400ಕ್ಕಿಂತ ಹಿಂದಿನ ಡೆಲಿಕಾ ಸ್ಟಾರ್ ವ್ಯಾಗನ್ನಿನಲ್ಲಿ ಇಂಥ ನಾಜೂಕಿಲ್ಲ; ಒಣ ನೆಲದ ಮೇಲೆ ನಾಲ್ಕು ಚಕ್ರ ಹಾಕಿಟ್ಟರೆ ಗೇರು ಹಲ್ಲುಗಳೇ ಪೆಟ್ಟು ತಿನ್ನುತ್ತವೆ.

ಇನ್ನು ತುಕ್ಕು. ಕೆಟ್ಟ ಇಂಜಿನ್ ಬದಲಿಸಬಹುದು, ಕೆಟ್ಟ ಕಪ್ಲಿಂಗ್ ತೆಗೆದು ಹಾಕಬಹುದು. ಬಾಡಿಯ ಎಲುಬೇ ಕೊಳೆತ ವ್ಯಾನನ್ನು ಉಳಿಸುವ ಟಿಂಕರಿಂಗ್ ಇನ್ನೂ ಹುಟ್ಟಿಲ್ಲ. ರಸ್ತೆಗೆ ಉಪ್ಪು ಸುರಿಯುವ ಆಂಟಾರಿಯೊ, ಕ್ವಿಬೆಕ್‌ಗಳಲ್ಲಿ ಹತ್ತು ಚಳಿಗಾಲ ಕಂಡ ಗಾಡಿಗೂ ಮಳೆ ಮಾತ್ರ ಕಂಡ ಗಾಡಿಗೂ ಅಜಗಜಾಂತರ. ‘ಜಪಾನಿನಿಂದ ಬಂದದ್ದು, ತುಕ್ಕಿಲ್ಲ’ ಎನ್ನುವ ಮಾತನ್ನು ನಂಬಬಾರದು. ಹೊಕ್ಕೈಡೊ ಜಪಾನಿನಲ್ಲೇ ಇದೆ, ಅಲ್ಲಿನ ಹಿಮವೂ ಕಡಿಮೆಯಲ್ಲ. ಹರಾಜಿನ ಚೀಟಿ ಕೇಳಿ ನೋಡಬೇಕು. ಅದರಲ್ಲಿ ಗಾಡಿಯ ರೇಖಾಚಿತ್ರದ ಮೇಲೆ ಇಂಗ್ಲಿಷ್ ಅಕ್ಷರಗಳಿರುತ್ತವೆ: ‘ಎ’ ಎಂದರೆ ಗೀರು, ‘ಯು’ ನೆಗ್ಗು, ‘ಎಸ್’ ತುಕ್ಕು, ‘ಸಿ’ ಕೊರೆದ ತುಕ್ಕು. ದರ್ಜೆಯ ಜಾಗದಲ್ಲಿ ‘ಆರ್’ ಇದ್ದರೆ ಅಪಘಾತವಾಗಿ ರಿಪೇರಿ ಕಂಡ ಗಾಡಿ. ಎರಡು ಮೂರು ‘ಎ’ಗಳಿಗೆ ಮುಖ ಸಿಂಡರಿಸಿ, ಒಂದು ‘ಸಿ’ಯನ್ನು ಕಂಡೂ ಕಾಣದಂತೆ ದಾಟುವ ಗಿರಾಕಿಗಳೇ ಹೆಚ್ಚು.

ವ್ಯಾಂಕೂವರಿನ ಪಕ್ಕದ ಬರ್ನಬಿಯಲ್ಲಿ ಒಂದು ಸ್ಪೇಸ್ ಗೇರ್ ನೋಡಲು ಹೋಗಿದ್ದೆ. ಹಸಿರು ಬಣ್ಣ ಮಿಂಚುತ್ತಿತ್ತು, ಒಳಗೆ ದೇವದಾರು ಹಲಗೆಯ ಮಂಚ, ಮೇಲೆ ಹೊಸ ಕ್ಯಾರಿಯರ್. ಕೆಳಗೆ ತೂರಿದರೆ ಹೊಟ್ಟೆಗೆಲ್ಲ ಆಗತಾನೆ ಬಳಿದ ಕಪ್ಪು ಅಂಡರ್‌ಕೋಟು. ವಾಸನೆ ಇನ್ನೂ ಆರಿರಲಿಲ್ಲ. ಬಾಗಿಲಿನ ಕೆಳಗಿನ ಉದ್ದ ಪಟ್ಟಿಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತಾ ಬಂದೆ. ಮುಂದೆ ಠಣ್ ಎನ್ನುತ್ತಿದ್ದ ತಗಡು ಹಿಂಬದಿ ಚಕ್ರದ ಹತ್ತಿರ ಬರುತ್ತಲೇ ದಡ್ ದಡ್ ಎಂದಿತು. ಪುಟ್ಟಿ. ಮಾರುವವರ ಅನುಮತಿ ಕೇಳಿ ತುದಿಯನ್ನು ಮೆಲ್ಲಗೆ ಒತ್ತಿದರೆ ಕಪ್ಪು ಪೊರೆ ಹರಿದು ಕಂದು ಪುಡಿ ಉದುರಿತು. ಬ್ರೇಕಿನ ಕೊಳವೆ, ಹಿಂದಿನ ಸಸ್ಪೆನ್ಷನ್ ಕೂರುವ ಜಾಗ, ಮುಂಗಾಜಿನ ಕೆಳ ಅಂಚು, ಚಾವಣಿಯ ನೀರಿಳಿಯುವ ಪಟ್ಟಿ: ಹೊಸ ಬಣ್ಣ ಕಂಡಲ್ಲೆಲ್ಲ ಯಾಕೆ ಬಳಿದರು ಎಂದು ಕೇಳಬೇಕು.

ಇಂಜಿನ್ನಿನ ಬಗ್ಗೆ ಎರಡೇ ಮಾತು. ಸಣ್ಣ 2.5 ಲೀಟರಿನ 4ಡಿ56ಗೆ ಟೈಮಿಂಗ್ ಬೆಲ್ಟು, 2.8ರ 4ಎಂ40ಗೆ ಚೈನು; ಬೆಲ್ಟು ಯಾವಾಗ ಬದಲಾಯಿತೆಂಬುದಕ್ಕೆ ರಸೀದಿ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ಲೆಕ್ಕ ಹಿಡಿಯಬೇಕು. ಎರಡಕ್ಕೂ ಶತ್ರು ಬಿಸಿ. ಹೋಪ್ ಊರಿನಿಂದ 1,244 ಮೀಟರ್ ಎತ್ತರದ ಕೋಕಹಾಲಾ ಘಾಟಿಗೆ ಹೊರೆ ಹೊತ್ತು ಹತ್ತುವಾಗ ಹಳೆಯ ರೇಡಿಯೇಟರ್ ಕೈಕೊಟ್ಟರೆ ಸಿಲಿಂಡರ್ ಹೆಡ್ಡು ಬಿರುಕು ಬಿಡುತ್ತದೆ. ಗಾಡಿ ನೋಡಲು ಹೋಗುವ ಮುಂಚೆ ಇಂಜಿನ್ ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಕೇಳಿಕೊಳ್ಳಬೇಕು. ತಣ್ಣಗಿನ ಇಂಜಿನ್ ಎಷ್ಟು ಹೊತ್ತಿಗೆ ಹತ್ತಿಕೊಳ್ಳುತ್ತದೆ, ಬಿಳಿ ಹೊಗೆ ಎಷ್ಟು, ಕೂಲಂಟಿನಲ್ಲಿ ಗುಳ್ಳೆ ಏಳುತ್ತದೆಯೇ ಎಂಬುದು ಆಗ ಮಾತ್ರ ಗೊತ್ತಾಗುವುದು.

ಬಲಗಡೆ ಸ್ಟೀರಿಂಗಿನ ವಿಷಯದಲ್ಲಿ ನಮ್ಮವರಿಗೆ ವಿಶೇಷ ಎಚ್ಚರಿಕೆ ಬೇಕು. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಗಾಡಿ ಕಲಿತವರಿಗೆ ಡೆಲಿಕಾದ ಸೀಟಿನಲ್ಲಿ ಕೂತ ಕೂಡಲೇ ಹಾಯೆನಿಸುತ್ತದೆ. ಆದರೆ ಅಲ್ಲಿ ಬಲಗಡೆ ಕೂತು ರಸ್ತೆಯ ಎಡಕ್ಕೆ ಹೋಗುತ್ತೇವೆ. ಇಲ್ಲಿ ಬಲಗಡೆ ಕೂತು ಬಲಕ್ಕೇ ಹೋಗಬೇಕು. ಚಾಲಕ ರಸ್ತೆಯ ಅಂಚಿನ ಕಡೆ ಕೂರುತ್ತಾನೆ, ಮುಂದಿನ ಲಾರಿಯನ್ನು ದಾಟಲು ಎದುರು ರಸ್ತೆಯೇ ಕಾಣುವುದಿಲ್ಲ. ಇಂಥ ಗಾಡಿಗಳಲ್ಲಿ ಚಾಲಕನ ತಪ್ಪಿನ ಅಪಘಾತದ ಸಾಧ್ಯತೆ ಸುಮಾರು 40 ಪ್ರತಿಶತ ಹೆಚ್ಚು ಎಂದು ಬ್ರಿಟಿಷ್ ಕೊಲಂಬಿಯಾದಲ್ಲೇ ನಡೆದ ಅಧ್ಯಯನ ಹೇಳಿತ್ತು. ಜಪಾನಿನ ಹೆಡ್‌ಲೈಟು ಎಡಕ್ಕೆ ಎತ್ತಿ ಬೆಳಕು ಚೆಲ್ಲುವುದರಿಂದ ಇಲ್ಲಿ ಅದು ಎದುರಿನವರ ಕಣ್ಣಿಗೇ ಹೊಡೆಯುತ್ತದೆ, ಅದನ್ನು ಬದಲಿಸಲೇಬೇಕು. ಎರಡೇ ಲೇನಿನ ಹೆದ್ದಾರಿಯಲ್ಲಿ ದಿನಾ ಓಡಾಡುವವರಿಗೆ ನಾನು ಡೆಲಿಕಾ ಹೇಳುವುದಿಲ್ಲ.

ಅವರಿಗೆ ಬೇರೆ ದಾರಿಗಳಿವೆ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಕಟ್ಟಿದ ಫೋಕ್ಸ್‌ವ್ಯಾಗನ್ ಸಿಂಕ್ರೊ ಸುಂದರ ಯಂತ್ರ. ಈಗ ಅದರ ಬೆಲೆ ಬಳಸುವವರ ಕೈಗೆ ಸಿಗದೆ ಸಂಗ್ರಹಿಸುವವರ ಪಾಲಾಗಿದೆ. 1990ರಿಂದ 2005ರವರೆಗೆ ಬಂದ ನಾಲ್ಕು ಚಕ್ರದ ಷೆವರ್ಲೆ ಆಸ್ಟ್ರೊ ಗಟ್ಟಿ, ಬಿಡಿಭಾಗ ಊರೂರಲ್ಲಿ ಸಿಗುತ್ತದೆ, ಅದರ 4.3 ಲೀಟರಿನ ವಿ6 ಇಂಜಿನ್ ಬಲ್ಲ ಮೆಕ್ಯಾನಿಕ್ಕುಗಳೂ ಎಲ್ಲೆಡೆ ಇದ್ದಾರೆ. ಆದರೆ 90ರ ದಶಕದ ಮುಂಬದಿ ಡಿಕ್ಕಿ ಪರೀಕ್ಷೆಯಲ್ಲಿ ಅದಕ್ಕೆ ತೀರ ಕೆಳಗಿನ ದರ್ಜೆ ಬಂದಿತ್ತು. ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಇದನ್ನು ಮರೆಯಬಾರದು. 2004ರಿಂದ ಬಂದ ನಾಲ್ಕು ಚಕ್ರದ ಟೊಯೋಟ ಸಿಯೆನ್ನಾ ನೋಡಲು ಸಪ್ಪೆ, ನೆಲದಿಂದ ಎತ್ತರವೂ ಕಡಿಮೆ, ಸ್ಟೆಪ್ನಿ ಇಡಲು ಜಾಗವಿಲ್ಲದೆ ಕಂಪನಿಯೇ ರನ್-ಫ್ಲಾಟ್ ಟೈರು ಹಾಕಿ ಮಾರಿತ್ತು. ಆದರೂ ಸಂಸಾರವಂದಿಗರು ಚಳಿಗಾಲದಲ್ಲಿ ಡಾಂಬರು ಇರುವಲ್ಲಿಗೆ ಹೋಗಿ ಬರುವುದಕ್ಕೆ ಈ ಎಲ್ಲದರಲ್ಲಿ ಅದೇ ಮೇಲು ಎಂದು ನನ್ನ ನಿಲುವು.

ರಾತ್ರಿ ಒಳಗೆ ಮಲಗುವುದು ಇನ್ನೊಂದು ಪರೀಕ್ಷೆ. ಇಬ್ಬರ ಉಸಿರಿನ ತೇವ ತಗಡಿನ ಗೋಡೆಗೆ ತಾಗಿ ಹನಿಗಟ್ಟುತ್ತದೆ, ಹೊರಗೆ ಶೂನ್ಯಕ್ಕಿಂತ ಕೆಳಗಿದ್ದರೆ ಕಿಟಕಿಯ ಒಳಮೈಯಲ್ಲೇ ಹೆಪ್ಪುಗಟ್ಟುತ್ತದೆ. ಹಲಗೆ ಬಡಿದು ಮುಚ್ಚಿದ ಗೋಡೆಯ ಹಿಂದೆ ಅದೇ ನೀರು ಕೂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹಾಗಾಗಿ ಯಾರೋ ಮಾಡಿಸಿಟ್ಟ ಚಂದದ ಮರಗೆಲಸಕ್ಕೆ ಹೆಚ್ಚು ದುಡ್ಡು ಕೊಡುವುದಕ್ಕಿಂತ ಖಾಲಿ ತಗಡಿನ ವ್ಯಾನ್ ಕೊಂಡು, ಎಲ್ಲವನ್ನೂ ಕಣ್ಣಾರೆ ನೋಡಿ, ತಾನೇ ಕಟ್ಟಿಕೊಳ್ಳುವುದು ಜಾಣತನ. ಕಾವಿಗೆಂದು ಇಂಜಿನ್ ಚಾಲೂ ಬಿಟ್ಟು ಮಲಗುವುದು ಪ್ರಾಣಕ್ಕೇ ಕುತ್ತು. ಸುರಿವ ಹಿಮ ಸೈಲೆನ್ಸರಿನ ಬಾಯಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ಹೊರಗಿನ ಗಾಳಿ ಎಳೆದು ಹೊಗೆಯನ್ನು ಹೊರಗೇ ಬಿಡುವ ಡೀಸೆಲ್ ಹೀಟರ್ ಬೇಕು, ತಲೆದಿಂಬಿನ ಹತ್ತಿರ ವಿಷಾನಿಲದ ಅಲಾರಂ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಅದನ್ನು ವ್ಯಾನಿನ ಕೆಳಗೆ ತೂಗುಹಾಕಿದವರನ್ನು ಕಂಡಿದ್ದೇನೆ, ಅದರ ಜಾಗ ಮಂಚದ ಅಡಿ.

ಇಷ್ಟಾದ ಮೇಲೂ ನನ್ನ ಮನಸ್ಸು ಡೆಲಿಕಾ ಎಲ್400ರ ಕಡೆಗೇ ವಾಲುತ್ತದೆ, ಕಾಡಿನಲ್ಲಿ ಮರ ಸಾಗಿಸುವ ಜಲ್ಲಿಯೆದ್ದ ರಸ್ತೆಗಳನ್ನು ನಿಜವಾಗಿ ಹತ್ತುವವರಿಗಾದರೆ, ವಾರಕ್ಕೊಮ್ಮೆಯಾದರೂ ಬಾನೆಟ್ಟು ಎತ್ತಿ ನೋಡುವ ಮನಸ್ಸಿರುವವರಿಗಾದರೆ. ಕೇಳುವ ಬೆಲೆಗಿಂತ ಹೊಟ್ಟೆಯ ತಗಡು ಮುಖ್ಯ. ಒಳ್ಳೆಯ ತಗಡು, ಸೋರುವ ರೇಡಿಯೇಟರ್ ಇರುವ ಗಾಡಿಯನ್ನು ಕಣ್ಣುಮುಚ್ಚಿ ಕೊಳ್ಳಬಹುದು, ಒಳ್ಳೆಯ ಇಂಜಿನ್ನು, ಪುಟ್ಟಿಯ ಹೊಟ್ಟೆ ಇರುವುದನ್ನು ಬಿಟ್ಟಿ ಕೊಟ್ಟರೂ ಬೇಡ. ಒಳ್ಳೆಯ ತಗಡಿನದು ಸಿಗಲು ಒಂದೆರಡು ಚಳಿಗಾಲ ಕಾಯಬೇಕಾದೀತು. ಅಲ್ಲಿಯವರೆಗೆ ಮನೆಯಲ್ಲಿರುವ ಮುಂಚಕ್ರದ ಮಿನಿವ್ಯಾನಿಗೇ ಹಿಮದ ಗುರುತಿನ ನಾಲ್ಕು ಟೈರು ಹಾಕಿಸಿ, ಹಿಂದಿನ ಸೀಟು ಕಿತ್ತು ಹಾಸಿಗೆ ಹಾಕಿ, ಸ್ನೋಪ್ಲೌ ಹೋಗಿಬಂದ ರಸ್ತೆಯಲ್ಲಿ ಮ್ಯಾನಿಂಗ್ ಪಾರ್ಕ್ ಎಂಬ ಬೆಟ್ಟದ ಉದ್ಯಾನಕ್ಕೆ ಹೋಗಿ ಮಲಗಿ ಬರಲು ಏನೂ ಅಡ್ಡಿಯಿಲ್ಲ.