ಮತಪೆಟ್ಟಿಗೆಯ ನಂತರದ ಪ್ರಶ್ನೆ

ಇಸ್ಲಾಮಿ ಚಳವಳಿಗಳಿಗೆ ಪ್ರಜಾಪ್ರಭುತ್ವದಲ್ಲಿ ನಂಬಿಕೆಯಿದೆಯೇ ಎಂದು ಪಾಶ್ಚಾತ್ಯರು ಪದೇ ಪದೇ ಕೇಳುತ್ತಾರೆ. ಕೇಳುವವರಿಗೆ ಆ ನಂಬಿಕೆಯಿದೆಯೇ ಎಂದು ಮರುಪ್ರಶ್ನೆ ಹಾಕಿ ನಾವು ಸುಮ್ಮನಾಗುತ್ತೇವೆ. ಮರುಪ್ರಶ್ನೆ ನ್ಯಾಯವಾದುದೇ. 1991ರ ಡಿಸೆಂಬರ್‌ನಲ್ಲಿ ಅಲ್ಜೀರಿಯಾದ ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ ಮೊದಲ ಸುತ್ತಿನಲ್ಲೇ 188 ಸ್ಥಾನ ಗೆದ್ದಾಗ ಮುಂದಿನ ಸುತ್ತನ್ನು ರದ್ದುಪಡಿಸಿದ್ದು ಅಲ್ಲಿನ ಸೇನೆ. ಆದರೆ ಮರುಪ್ರಶ್ನೆಯಿಂದ ಉತ್ತರ ಹೇಳಿದಂತಾಗುವುದಿಲ್ಲ.

ಈಜಿಪ್ಟನ್ನು ನೋಡೋಣ. 2012ರ ಜೂನ್‌ನಲ್ಲಿ ಇಖ್ವಾನುಲ್ ಮುಸ್ಲಿಮೂನ್‌ನ ಮುಹಮ್ಮದ್ ಮುರ್ಸಿ ಶೇ. 51.7ರಷ್ಟು ಮತ ಪಡೆದು ಅಧ್ಯಕ್ಷರಾದರು. ಅದೇ ನವೆಂಬರ್‌ನಲ್ಲಿ, ತಮ್ಮ ಆದೇಶಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಸಾರಿದರು. ಮುಬಾರಕ್ ಕಾಲದ ನ್ಯಾಯಾಧೀಶರು ಅಡ್ಡಗಾಲು ಹಾಕುತ್ತಿದ್ದಾರೆಂಬುದು ಅವರ ಪಕ್ಷದ ಸಮರ್ಥನೆ. ಅದರಲ್ಲಿ ಸತ್ಯಾಂಶವಿತ್ತು, ಚುನಾಯಿತ ಸಂಸತ್ತು ವಿಸರ್ಜನೆಯಾದದ್ದೇ ನ್ಯಾಯಾಲಯದ ತೀರ್ಪಿನಿಂದ. ಆದರೆ ಉದಾರವಾದಿಗಳೂ ಚರ್ಚಿನ ಪ್ರತಿನಿಧಿಗಳೂ ಹೊರನಡೆದ ಸಭೆಯಲ್ಲಿ ಸಂವಿಧಾನದ ಕರಡನ್ನು ಅಂಗೀಕರಿಸಿದ್ದಕ್ಕೆ ಯಾವ ಸಮರ್ಥನೆಯಿದೆ? 2013ರ ಜುಲೈ 3ರಂದು ಸೇನೆ ಮುರ್ಸಿಯವರನ್ನು ಕೆಳಗಿಳಿಸಿತು. ಆಗಸ್ಟ್ 14ರಂದು ಕೈರೋದ ರಾಬಿಆ ಚೌಕದಲ್ಲಿ ಅವರ ನೂರಾರು ಬೆಂಬಲಿಗರು ಹತರಾದರು. ಮುರ್ಸಿಯವರ ತಪ್ಪನ್ನು ತೋರಿಸಿ ಈ ಹತ್ಯಾಕಾಂಡವನ್ನು ಸಮರ್ಥಿಸಲಾಗದು. ಹತ್ಯಾಕಾಂಡವನ್ನು ತೋರಿಸಿ ಆ ತಪ್ಪನ್ನು ಮರೆಮಾಚುವುದೂ ಸರಿಯಲ್ಲ.

ಟ್ಯುನೀಷಿಯಾದ ಅನ್ನಹ್ದಾ ಬೇರೆ ದಾರಿ ಹಿಡಿಯಿತು. 2011ರಲ್ಲಿ 217ರ ಪೈಕಿ 89 ಸ್ಥಾನ ಗೆದ್ದು, ಎರಡು ಸೆಕ್ಯುಲರ್ ಪಕ್ಷಗಳೊಂದಿಗೆ ಸರಕಾರ ರಚಿಸಿತು. ಸಂವಿಧಾನದಲ್ಲಿ ಶರೀಅತ್‌ನ ಉಲ್ಲೇಖಕ್ಕಾಗಿ ಪಟ್ಟು ಹಿಡಿಯಲಿಲ್ಲ. ಮಹಿಳೆ ಪುರುಷನಿಗೆ ಪೂರಕ ಎಂಬ ಕರಡು ವಾಕ್ಯದ ವಿರುದ್ಧ ಜನ ಬೀದಿಗಿಳಿದಾಗ ಹಿಂದೆ ಸರಿಯಿತು. 2014ರ ಚುನಾವಣೆಯಲ್ಲಿ ಸೋತಾಗ ಸೋಲನ್ನು ಒಪ್ಪಿಕೊಂಡಿತು. ಇಷ್ಟಾಗಿಯೂ ಒಂದು ಕೆಲಸ ಉಳಿದುಹೋಯಿತು. ಒಂದು ವರ್ಷದೊಳಗೆ ಸಾಂವಿಧಾನಿಕ ನ್ಯಾಯಾಲಯ ಸ್ಥಾಪಿಸಬೇಕೆಂದು 2014ರ ಸಂವಿಧಾನ ವಿಧಿಸಿತ್ತು. ಪಕ್ಷಗಳ ಹಗ್ಗಜಗ್ಗಾಟದಲ್ಲಿ ಅದು ಸ್ಥಾಪನೆಯಾಗಲೇ ಇಲ್ಲ. ದೊಡ್ಡ ಪಕ್ಷವಾಗಿದ್ದ ಅನ್ನಹ್ದಾಕ್ಕೂ ಇದರಲ್ಲಿ ಹೊಣೆಯಿದೆ. 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಈದ್ ಸಂಸತ್ತನ್ನು ಅಮಾನತಿನಲ್ಲಿಟ್ಟಾಗ, ಅದು ಸರಿಯೇ ಎಂದು ತೀರ್ಮಾನಿಸಲು ಆ ನ್ಯಾಯಾಲಯವೇ ಇರಲಿಲ್ಲ. ಸ್ಪೀಕರ್ ಆಗಿದ್ದ ಅನ್ನಹ್ದಾದ ನಾಯಕ ರಾಶಿದ್ ಗನ್ನೂಶಿಯವರನ್ನು 2023ರ ಏಪ್ರಿಲ್‌ನಲ್ಲಿ ಬಂಧಿಸಲಾಯಿತು.

ಚುನಾವಣೆಯಲ್ಲಿ ಗೆಲ್ಲುವ ಕಲೆ ಈ ಚಳವಳಿಗಳಿಗೆ ತಿಳಿದಿದೆ. ಗೆದ್ದವರನ್ನು ತಡೆದು ನಿಲ್ಲಿಸುವ ಸಂಸ್ಥೆಗಳೂ ತಮಗೆ ಬೇಕು, ನಾಳೆ ತಮ್ಮನ್ನೇ ಕಾಯುವವು ಅವೇ ಎಂಬ ಅರಿವು ಮಾತ್ರ ತಡವಾಗಿ ಬರುತ್ತಿದೆ. ಶೂರಾದ ಬಗ್ಗೆ ಪುಟಗಟ್ಟಲೆ ಬರೆದವರು, ಸಮಾಲೋಚನೆಯಲ್ಲಿ ಭಿನ್ನಮತೀಯನ ಸ್ಥಾನವೇನು ಎಂಬುದನ್ನೂ ಬರೆಯಬೇಕಿತ್ತು.

ಭಾರತದಲ್ಲಿ ಅಲ್ಪಸಂಖ್ಯಾತರಾದ ನಾವು ಬಹುಮತದ ಅಬ್ಬರದೆದುರು ಸಂವಿಧಾನವನ್ನೇ ಎತ್ತಿ ಹಿಡಿಯುತ್ತೇವೆ. ಕೈರೋದ ಕಾಪ್ಟಿಕ್ ಕ್ರೈಸ್ತನಿಗೂ ಅದೇ ಆಸರೆ ಬೇಕೆಂದು ಹೇಳಲು ನಮಗೇಕೆ ಹಿಂಜರಿಕೆ? ಈ ಚಳವಳಿಗಳನ್ನು ಮೆಚ್ಚುವವರು ಮೊದಲು ಇದಕ್ಕೆ ಉತ್ತರಿಸಲಿ.