ಮಿಲ್ ಮನೆತನದ ಹಣಕಾಸು ಮಂತ್ರಿ

ಸ್ವತಂತ್ರ ಭಾರತದ ಮೊದಲ ಬಜೆಟ್ ಮಂಡನೆಯಾದದ್ದು 1947ರ ನವೆಂಬರ್ 26ರಂದು. ಆಗಸ್ಟ್ 15ರಿಂದ ಮರುವರ್ಷದ ಮಾರ್ಚ್ 31ರವರೆಗಿನ ಏಳೂವರೆ ತಿಂಗಳ ಲೆಕ್ಕ ಅದು. ಆದಾಯ 171.15 ಕೋಟಿ ರೂಪಾಯಿ, ಖರ್ಚು 197.39 ಕೋಟಿ. ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ 92.74 ಕೋಟಿ, ರಕ್ಷಣೆಗೇ ಹೋಗುತ್ತಿತ್ತು. ಕೊರತೆ ತಗ್ಗಿಸಲು ಮಂತ್ರಿಗಳು ಕೈಹಾಕಿದ್ದು ಹತ್ತಿ ಬಟ್ಟೆ ಮತ್ತು ನೂಲಿನ ರಫ್ತು ಸುಂಕಕ್ಕೆ. ಆ ಸುಂಕ ಹಾಕಿದವರು ಕೊಯಮತ್ತೂರಿನ ಜವಳಿ ಮಿಲ್ ಮನೆತನದ ಆರ್. ಕೆ. ಷಣ್ಮುಖಂ ಚೆಟ್ಟಿ. ತಮ್ಮೂರಿನ ಕಸುಬಿಗೇ ಸುಂಕ ಹಾಕಿದ ಇದೇ ಮನುಷ್ಯ ಒಂಬತ್ತು ತಿಂಗಳು ತುಂಬುವ ಮೊದಲೇ, ತೆರಿಗೆ ತನಿಖೆಯಿಂದ ಕೆಲವರನ್ನು ಪಾರುಮಾಡಿದ ಆರೋಪಕ್ಕೆ ತಲೆಕೊಟ್ಟು ಮಂತ್ರಿಗಿರಿ ಬಿಟ್ಟರು. ಹೊಗಳುವವರು ಮೊದಲನೆಯದನ್ನು ಹೇಳಿ ನಿಲ್ಲಿಸುತ್ತಾರೆ, ತೆಗಳುವವರು ಎರಡನೆಯದನ್ನು. ಎರಡನ್ನೂ ಜೊತೆಗಿಟ್ಟು ನೋಡಿದರೆ ಸಿಗುವ ಚೆಟ್ಟಿ ಇಬ್ಬರಿಗೂ ಅಷ್ಟು ಅನುಕೂಲದವರಲ್ಲ.

ಚೆಟ್ಟಿ ಹುಟ್ಟಿದ್ದು 1892ರಲ್ಲಿ. ಸರ್ ರಾಬರ್ಟ್ ಸ್ಟೇನ್ಸ್ ಕೊಯಮತ್ತೂರಿನಲ್ಲಿ ನೂಲುವ ಮಿಲ್ ಹಾಕಿ ಆಗಿನ್ನೂ ನಾಲ್ಕೇ ವರ್ಷ. ಮುಂದೆ ನೀಲಗಿರಿಯ ಪೈಕಾರಾದಿಂದ 1930ರ ದಶಕದಲ್ಲಿ ವಿದ್ಯುತ್ ಇಳಿದು ಬಂದಮೇಲೆ ಊರಿನ ಸುತ್ತ ಮಿಲ್‌ಗಳು ಒಂದರ ಹಿಂದೊಂದು ಎದ್ದವು. ಚೆಟ್ಟಿ ಅವರದು ಈ ಏಳಿಗೆಯ ಜೊತೆಗೇ ಬೆಳೆದ ಕುಟುಂಬ. ಮದರಾಸಿನಲ್ಲಿ ಕಾನೂನು ಓದಿ ಬಂದವರು 1917ರಲ್ಲಿ ನಗರಸಭೆ ಸೇರಿದರು, 1920ರಲ್ಲಿ ಮದರಾಸು ಶಾಸನಸಭೆ, ಆಮೇಲೆ ದೆಹಲಿಯ ಕೇಂದ್ರ ಶಾಸನಸಭೆ. ಕಾಂಗ್ರೆಸ್ಸಿನ ಎದುರಾಳಿ ಜಸ್ಟಿಸ್ ಪಕ್ಷದಲ್ಲೂ ಇದ್ದರು, ಕಾಂಗ್ರೆಸ್ಸಿಗರೇ ಕಟ್ಟಿದ ಸ್ವರಾಜ್ ಪಕ್ಷದಲ್ಲೂ ಇದ್ದರು. ಪಕ್ಷವೆಂದರೆ ಅವರಿಗೆ ಬಾಡಿಗೆ ಮನೆಯಿದ್ದ ಹಾಗೆ: ಅನುಕೂಲ ಇರುವಷ್ಟು ದಿನ ಇದ್ದು ಬಿಡುವಂಥದ್ದು.

ಇದರ ಬೆಲೆ 1934ರಲ್ಲಿ ಗೊತ್ತಾಯಿತು. ಎರಡು ವರ್ಷ ಹಿಂದೆ ಅವರು ಒಟ್ಟಾವಾ ಸಮ್ಮೇಳನಕ್ಕೆ ಭಾರತದ ಪ್ರತಿನಿಧಿಯಾಗಿ ಹೋಗಿ, ಬ್ರಿಟಿಷ್ ಸಾಮ್ರಾಜ್ಯದೊಳಗಿನ ಸರಕುಗಳಿಗೆ ಸುಂಕದ ರಿಯಾಯಿತಿ ಕೊಡುವ ಒಪ್ಪಂದವನ್ನು ಬೆಂಬಲಿಸಿ ಬಂದಿದ್ದರು. ವ್ಯಾಪಾರಿಯ ಕಣ್ಣಿಗೆ ಅದು ಕೊಟ್ಟು ಪಡೆಯುವ ಚೌಕಾಸಿ. ಆದರೆ ಊರೂರಿನಲ್ಲಿ ವಿದೇಶಿ ಬಟ್ಟೆಗೆ ಬೆಂಕಿ ಬಿದ್ದ ಕಾಲ ಅದು, ಜನ ಹಾಗೆ ಓದಲಿಲ್ಲ. ಶಾಸನಸಭೆಯ ಅಧ್ಯಕ್ಷರಾಗಿದ್ದ, ಸರ್ ಬಿರುದಿನ ಚೆಟ್ಟಿ, ಕಾಂಗ್ರೆಸ್‌ನ ಸಾಮಿ ವೆಂಕಟಾಚಲಂ ಚೆಟ್ಟಿ ಎದುರು ಚುನಾವಣೆಯಲ್ಲಿ ಸೋತರು.

ಸೋತವರನ್ನು ಕೊಚ್ಚಿ ಮಹಾರಾಜರು ದಿವಾನರಾಗಿ ಕರೆದರು. 1935ರಿಂದ 1941ರವರೆಗಿನ ಈ ಆರು ವರ್ಷವೇ ಅವರ ಬದುಕಿನ ಗಟ್ಟಿ ಭಾಗ ಎನ್ನಬೇಕು. ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಬ್ರಿಸ್ಟೊ ಕಟ್ಟುತ್ತಿದ್ದ ಕೊಚ್ಚಿ ಬಂದರಿಗೆ ಸಂಸ್ಥಾನದ ಬೆಂಬಲ ಸಿಕ್ಕಿತು. 1938ರಲ್ಲಿ ಕೆಲವು ಖಾತೆಗಳನ್ನು ಚುನಾಯಿತ ಸಭೆಗೆ ಹೊಣೆಯಾದ ಮಂತ್ರಿಗೆ ಒಪ್ಪಿಸಲಾಯಿತು. ಸಂಸ್ಥಾನಗಳ ಪೈಕಿ ಇಂಥ ಹೆಜ್ಜೆ ಮೊದಲು ಇಟ್ಟದ್ದು ಕೊಚ್ಚಿ. ಇದೇ ವರ್ಷಗಳಲ್ಲಿ ಮೈಸೂರಿನಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರು. ಕಾರ್ಖಾನೆ ಕಟ್ಟುವುದರಲ್ಲಿ ಮಿರ್ಜಾ ಅವರನ್ನು ಮೀರಿಸುವವರಿರಲಿಲ್ಲ, ಆದರೆ ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಮಿರ್ಜಾ ಅವರಿಗಿಂತ ಮೊದಲೇ ಬಾಗಿಲು ತೆರೆದವರು ಚೆಟ್ಟಿ. ಕನ್ನಡದಲ್ಲಿ ದಿವಾನರ ಮಾತು ಬಂದಾಗ ನಾವು ಮೈಸೂರಿನ ಗಡಿ ದಾಟುವುದು ಕಡಿಮೆ. ಎರ್ನಾಕುಲಂನಲ್ಲಿ ಹಿನ್ನೀರಿನ ಪಕ್ಕ ಸಾಗುವ ಷಣ್ಮುಗಂ ರಸ್ತೆಗೆ ಹೆಸರು ಕೊಟ್ಟವರು ಇವರೇ ಎಂಬುದನ್ನಾದರೂ ಹೇಳಬೇಕು.

ದಿವಾನಗಿರಿ ಅವರಿಗೆ ಏಕೆ ಒಗ್ಗಿತು? ಅಲ್ಲಿ ನೇಮಿಸುವವರು ಒಬ್ಬರು, ಲೆಕ್ಕ ಒಪ್ಪಿಸಬೇಕಾದದ್ದು ಅವರಿಗೆ, ನಡುವೆ ಕೆಲಸ. ಮಿಲ್ ಆಡಳಿತದ ರೀತಿಯೂ ಅದೇ. ದಿವಾನಗಿರಿ ಮುಗಿದ ಮೇಲೆ, 1944ರಲ್ಲಿ ಜಾಗತಿಕ ಹಣಕಾಸು ವ್ಯವಸ್ಥೆ ರೂಪಿಸಲು ಸೇರಿದ ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ಹೋದ ಭಾರತದ ನಿಯೋಗದಲ್ಲೂ ಅವರಿದ್ದರು. ಜವಾಹರಲಾಲ್ ನೆಹರೂ ತಮ್ಮ ಮೊದಲ ಸಂಪುಟಕ್ಕೆ ಕಾಂಗ್ರೆಸ್ಸಿಗರಲ್ಲದವರನ್ನು ಹುಡುಕಿದಾಗ, ಅಂಬೇಡ್ಕರ್ ಮತ್ತು ಶ್ಯಾಮಾಪ್ರಸಾದ್ ಮುಖರ್ಜಿ ಜೊತೆ ಚೆಟ್ಟಿ ಹೆಸರೂ ಬಂದದ್ದು ಈ ಪಳಗಿದ ಕೈಗಾಗಿ.

ಪಳಗಿದ ಕೈ ಎಲ್ಲಿ ಚುರುಕಾಗಿತ್ತೆಂದರೆ, ಯುದ್ಧಕಾಲದಲ್ಲಿ ಬ್ರಿಟನ್ ಭಾರತಕ್ಕೆ ಕೊಡದೆ ಉಳಿಸಿಕೊಂಡಿದ್ದ ಸ್ಟರ್ಲಿಂಗ್ ಬಾಕಿಯ ಮಾತುಕತೆಯಲ್ಲಿ. 1948ರ ಬೇಸಿಗೆಯಲ್ಲಿ ಲಂಡನ್ನಿಗೆ ಹೋದ ನಿಯೋಗದ ಮುಂದಾಳು ಅವರೇ. ಜುಲೈನಲ್ಲಿ ಒಪ್ಪಂದವಾಯಿತು. ಎಡವಿದ್ದು ಮನೆಯಲ್ಲಿ. ಆ ವರ್ಷದ ಆರಂಭದಲ್ಲಿ ಸರ್ಕಾರ ಬಟ್ಟೆಯ ಮೇಲಿನ ನಿಯಂತ್ರಣ ಸಡಿಲಿಸಿತ್ತು. ಬೆಲೆ ಎದ್ದು ಕುಣಿಯಿತು, ಕೆಲವೇ ತಿಂಗಳಲ್ಲಿ ಮತ್ತೆ ನಿಯಂತ್ರಣ ತರಬೇಕಾಯಿತು. ಈ ನಿರ್ಧಾರ ಚೆಟ್ಟಿ ಒಬ್ಬರದಲ್ಲ, ನಿಯಂತ್ರಣ ತೆಗೆಯಿರೆಂದು ಗಾಂಧೀಜಿಯೇ ಒತ್ತಾಯಿಸಿದ್ದರು. ಆದರೂ ಲಾಭ ಮಿಲ್‌ಗಳ ಪಾಲಾದಾಗ, ಹಣಕಾಸಿನ ಕುರ್ಚಿಯಲ್ಲಿ ಮಿಲ್ ಮನೆತನದವರು ಕೂತಿರುವುದು ಜನರ ಕಣ್ಣಿಗೆ ಬೀಳದೆ ಇದ್ದೀತೇ?

ಆಗ ಬಂತು ಪಟ್ಟಿಯ ಪ್ರಕರಣ. ಯುದ್ಧಕಾಲದ ತೆರಿಗೆಗಳ್ಳರನ್ನು ಪತ್ತೆಮಾಡಲು 1947ರಲ್ಲಿ ಆದಾಯ ತೆರಿಗೆ ತನಿಖಾ ಆಯೋಗ ರಚನೆಯಾಗಿತ್ತು. ಆಯೋಗಕ್ಕೆ ಒಪ್ಪಿಸಿದ್ದ ಹೆಸರುಗಳ ಪೈಕಿ ಕೆಲವನ್ನು ಹಣಕಾಸು ಇಲಾಖೆ ಹಿಂದಕ್ಕೆ ಪಡೆಯಿತು. ಸಂಸತ್ತಿನಲ್ಲಿ ಗದ್ದಲವೆದ್ದಿತು. ಹೊಣೆ ಹೊತ್ತ ಚೆಟ್ಟಿ 1948ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಪಕ್ಷದ ಬೇರಿದ್ದ ಮಂತ್ರಿಯಾಗಿದ್ದರೆ ನಾಲ್ಕು ಜನ ಎದ್ದು ವಾದಿಸುತ್ತಿದ್ದರೇನೋ. ಜಸ್ಟಿಸ್ ಪಕ್ಷದಿಂದ ಬಂದವರ ಪರ ಕಾಂಗ್ರೆಸ್ ಬೆಂಚಿನಿಂದ ಏಳುವವರು ಯಾರು? ಅವರ ಪತನಕ್ಕೆ ತಪ್ಪಿನಷ್ಟೇ ಕಾರಣ ಈ ಒಂಟಿತನ ಎಂಬುದು ನನ್ನ ಎಣಿಕೆ. ತಪ್ಪು ಮಾತ್ರ ತಪ್ಪೇ. ತಾವು ಬಂದ ವರ್ಗದ ಕಡತ ಮೇಜಿಗೆ ಬಂದಾಗ ಇತರರಿಗಿಂತ ಎರಡು ಪಟ್ಟು ಎಚ್ಚರ ವಹಿಸಬೇಕಾದವರು ಅವರು.

ಅವರ ನಂತರ ಬಂದ ಜಾನ್ ಮಥಾಯ್ ಟಾಟಾ ಸಂಸ್ಥೆಯಿಂದ ಬಂದವರು. ಯೋಜನಾ ಆಯೋಗದ ಅಧಿಕಾರ ಒಪ್ಪದೆ 1950ರಲ್ಲಿ ಹೊರನಡೆದರು. ಮುಂದೆ ಹಣಕಾಸು ಮಂತ್ರಿಯಾದ ಮದರಾಸಿನ ವ್ಯಾಪಾರಿ ಟಿ. ಟಿ. ಕೃಷ್ಣಮಾಚಾರಿ 1958ರಲ್ಲಿ, ಜೀವವಿಮಾ ನಿಗಮದ ಹಣ ಹೂಡಿಕೆಯ ಮುಂದ್ರಾ ಹಗರಣದಲ್ಲಿ ಹುದ್ದೆ ಬಿಟ್ಟರು. ಉದ್ಯಮದಿಂದ ಬಂದ ಮೂವರೂ ಅವಧಿ ಪೂರೈಸಲಿಲ್ಲ. ಉದ್ಯಮದಿಂದ ಮಂತ್ರಿಗಿರಿಗೆ ಏರುವ ಇದೇ ದಾರಿ ಚೀನಾದಲ್ಲಿ ಬೇರೆ ಥರ. ಡಾಂಗ್‌ಫೆಂಗ್ ಮೋಟಾರ್ ಮುಖ್ಯಸ್ಥರಾಗಿದ್ದ ಮಿಯಾವೊ ವೈ ಅವರನ್ನು ಕಮ್ಯುನಿಸ್ಟ್ ಪಕ್ಷವೇ ವುಹಾನ್ ನಗರದ ಹೊಣೆಗೆ ಕಳಿಸಿತು, 2010ರಲ್ಲಿ ಕೈಗಾರಿಕಾ ಮಂತ್ರಿ ಮಾಡಿತು. ಅದೇ ಕುರ್ಚಿಗೆ ನಂತರ ಬಂದ, ಅಲ್ಯೂಮಿನಿಯಂ ಕಂಪನಿಯ ಹಳೆ ಮುಖ್ಯಸ್ಥ ಷಿಯಾವೊ ಯಾಚಿಂಗ್ ಅವರನ್ನು 2022ರಲ್ಲಿ ಪಕ್ಷವೇ ಇಳಿಸಿತು. ಏರಿಸುವುದೂ ಇಳಿಸುವುದೂ ಒಂದೇ ಕೈ, ಕಾರಣ ಕೇಳಲು ಸಂಸತ್ತಿನ ಗದ್ದಲವಿಲ್ಲ. ಚೆಟ್ಟಿ ಅವರ ಪಟ್ಟಿ ಬಯಲಾದದ್ದು ಆ ಗದ್ದಲದಿಂದಲೇ.

ಉದ್ಯಮಿ ರಾಜಕೀಯಕ್ಕೆ ಬರುವುದಕ್ಕೆ ಕೊಯಮತ್ತೂರು ಸೀಮೆಯಲ್ಲೇ ಇನ್ನೊಂದು ಮಾದರಿ ಇದೆ. ಶಕ್ತಿ ಉದ್ಯಮ ಸಮೂಹದ ಪೊಳ್ಳಾಚಿ ಎನ್. ಮಹಾಲಿಂಗಂ 1952ರಿಂದ 1967ರವರೆಗೆ ಶಾಸಕರಾಗಿದ್ದರು. ಪರಂಬಿಕುಳಂ-ಆಳಿಯಾರ್ ನೀರಾವರಿ ಯೋಜನೆಯ ನೀರು ಪೊಳ್ಳಾಚಿಗೆ, ಇಂದಿನ ತಿರುಪ್ಪೂರು ಜಿಲ್ಲೆಯ ಉಡುಮಲೈ, ಪಲ್ಲಡಂ ಹೊಲಗಳಿಗೆ ಹರಿಯಲು ಆಗಿನ ಮದರಾಸು ಮಂತ್ರಿ ಸಿ. ಸುಬ್ರಮಣಿಯಂ ಜೊತೆ ದುಡಿದರು. ಮಂತ್ರಿಯಾಗಲಿಲ್ಲ, ಚುನಾವಣಾ ರಾಜಕೀಯ ಬಿಟ್ಟು ಉದ್ಯಮಕ್ಕೆ ಮರಳಿದರು. ಏರಿದ ಎತ್ತರ ಚೆಟ್ಟಿ ಅವರದೇ ದೊಡ್ಡದು. ಊರಿನ ರೈತರ ಬಾಯಲ್ಲಿ ಉಳಿದದ್ದು ಮಹಾಲಿಂಗಂ.

ರಾಜೀನಾಮೆಯ ನಂತರ ಚೆಟ್ಟಿ ಅಣ್ಣಾಮಲೈ ವಿಶ್ವವಿದ್ಯಾಲಯದ ಕುಲಪತಿಯಾದರು. 1952ರಲ್ಲಿ ಪಕ್ಷೇತರರಾಗಿ ನಿಂತು ಮದರಾಸು ವಿಧಾನಸಭೆಗೆ ಗೆದ್ದರು. 1953ರ ಮೇ 5ರಂದು ತೀರಿಕೊಂಡಾಗಲೂ ಅವರು ಶಾಸಕರೇ ಆಗಿದ್ದರು.