ನೊರೆಯೂ ಮೋರಿಯೂ

ಕಳೆದ ತಿಂಗಳು ಎರಡು ದಿನ ನಮ್ಮ ಸಂಘದ ಸಭಾಂಗಣದಲ್ಲಿ ದೆಹಲಿಯ ಕನ್ನಡ ಮನೆಗಳ ತರುಣ ತರುಣಿಯರು ತೆಗೆದ ಛಾಯಾಚಿತ್ರಗಳ ಪ್ರದರ್ಶನ ನಡೆಯಿತು. ವಿಷಯ, ಪರಿಸರ ಸಂರಕ್ಷಣೆ. ಚಿತ್ರಗಳು ಸುಮಾರು ನಲವತ್ತು. ಉದ್ಘಾಟನೆ, ಹಾರ, ಭಾಷಣ, ಕಾಫಿ ಎಲ್ಲವೂ ಕ್ರಮವಾಗಿ ನಡೆದವು. ಇಂಥ ಪ್ರದರ್ಶನದ ಬಗ್ಗೆ ಬರೆಯುವವರು 'ಮಕ್ಕಳ ಉತ್ಸಾಹ ಶ್ಲಾಘನೀಯ' ಎಂದು ನಾಲ್ಕು ಸಾಲು ಬರೆದು ಕೈತೊಳೆದುಕೊಳ್ಳುವುದು ವಾಡಿಕೆ. ಅದರಿಂದ ಮಕ್ಕಳಿಗೂ ಪ್ರಯೋಜನವಿಲ್ಲ, ಪರಿಸರಕ್ಕೂ ಇಲ್ಲ. ಉತ್ಸಾಹ ಶ್ಲಾಘನೀಯವೆಂಬುದು ನಿಜವೇ. ಆದರೆ ದೊಡ್ಡವರ ಚಿತ್ರಗಳನ್ನು ನೋಡುವ ಕಣ್ಣಿನಿಂದಲೇ ಇವರ ಚಿತ್ರಗಳನ್ನೂ ನೋಡುವುದು ಅವರಿಗೆ ಸಲ್ಲಬೇಕಾದ ಮರ್ಯಾದೆ ಎಂದು ಭಾವಿಸಿ ಇದನ್ನು ಬರೆಯುತ್ತಿದ್ದೇವೆ.

ಪ್ರೇಕ್ಷಕರ ಚೀಟಿಯಿಂದ ಮೊದಲ ಬಹುಮಾನ ಪಡೆದದ್ದು ಯಮುನೆಯ ನೊರೆಯ ಚಿತ್ರ. ಛಠ್ ಪೂಜೆಯ ನಸುಕಿನಲ್ಲಿ ತೆಗೆದದ್ದು. ಚಿತ್ರದ ತುಂಬ ಬಿಳಿಯ ನೊರೆ ಗುಡ್ಡೆಗುಡ್ಡೆಯಾಗಿ ಬಿದ್ದಿದೆ; ಅದರ ಮೇಲೆ ಕಿತ್ತಳೆ ಬಣ್ಣದ ಎಳೆ ಬಿಸಿಲು; ಒಂದು ಮೂಲೆಯಲ್ಲಿ ಸೊಂಟದವರೆಗೆ ನೊರೆಯಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ ಕೊಡುತ್ತಿರುವ ಹೆಂಗಸು. ನಮ್ಮ ಹಿಂದೆ ನಿಂತಿದ್ದ ಹಿರಿಯರೊಬ್ಬರು "ಬದರಿಗೆ ಹೋದ ಹಾಗಾಯಿತು" ಎಂದರು. ಚಿತ್ರ ತೆಗೆದ ಹುಡುಗನ ಕೈಚಳಕಕ್ಕೆ ಸಂದ ಹೊಗಳಿಕೆ ಇದು. ಆದರೆ ಕೊಳಕು ನೀರನ್ನು ತೋರಿಸಲು ಹೊರಟ ಚಿತ್ರ ನೋಡುವವರಿಗೆ ಹಿಮಾಲಯವನ್ನು ನೆನಪಿಸಿದರೆ ಎಲ್ಲೋ ಎಡವಟ್ಟಾಗಿದೆ. ಮುಚ್ಚಿಡುವುದೇಕೆ, ನಾವೂ ನಮ್ಮ ಚೀಟಿಯನ್ನು ಆ ಚಿತ್ರಕ್ಕೇ ಹಾಕಿದೆವು. ಮೆಟ್ರೋದಲ್ಲಿ ಕುಳಿತು ಮನೆಗೆ ಹೊರಟ ಮೇಲೆಯೇ ಅನುಮಾನ ಶುರುವಾದದ್ದು. ಮರುದಿನ ಮತ್ತೊಮ್ಮೆ ಹೋಗಿ ನೋಡಿದೆವು.

ಆ ನೊರೆ ಎಲ್ಲಿಂದ ಬಂತು? ಚಿತ್ರ ಹೇಳುವುದಿಲ್ಲ. ಕೆಳಗೆ ಅಂಟಿಸಿದ್ದ ಕಾಗದದಲ್ಲಿ 'ಅಳುವ ಯಮುನೆ' ಎಂಬ ಶೀರ್ಷಿಕೆ ಮಾತ್ರ. ತಾರೀಖಿಲ್ಲ, ಸ್ಥಳವಿಲ್ಲ, ಕಾಳಿಂದಿ ಕುಂಜ್ ಎಂದು ತಿಳಿದದ್ದು ಕೇಳಿದ ಮೇಲೆ. ಬಿ.ಎಸ್‌ಸಿ.ಯಲ್ಲಿ ಓದಿದ ರಸಾಯನಶಾಸ್ತ್ರ ಹೆಚ್ಚೇನೂ ಉಳಿದಿಲ್ಲವಾದರೂ ಇಷ್ಟು ನೆನಪಿದೆ: ಬಟ್ಟೆ ಒಗೆಯುವ ಪುಡಿಯ ಅಣುವಿನ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರಿನಿಂದ ದೂರ ಸರಿದು ಜಿಡ್ಡನ್ನು ಹಿಡಿಯುತ್ತದೆ. ಇಂಥ ಅಣುಗಳಿರುವ ನೀರು ಮೇಲಿನಿಂದ ಬಿದ್ದು ಗಾಳಿಯೊಡನೆ ಕಲಸಿಕೊಂಡರೆ ಗುಳ್ಳೆಗಳು ಬೇಗ ಒಡೆಯದೆ ನಿಲ್ಲುತ್ತವೆ. ಓಖ್ಲಾ ಬ್ಯಾರೇಜಿನಲ್ಲಿ ಆಗುವುದು ಇದೇ. ಮಳೆಗಾಲದಲ್ಲಿ ಹೊಳೆ ತುಂಬಿರುವುದರಿಂದ ಸೋಪು ತೆಳುವಾಗಿ ಹರಿದುಹೋಗುತ್ತದೆ. ಮಳೆ ನಿಂತು ಅಕ್ಟೋಬರ್, ನವೆಂಬರ್ ಬಂದಾಗ ವಜೀರಾಬಾದ್ ದಾಟಿ ಬರುವ ಹೊಳೆಯ ನೀರು ಅತ್ಯಲ್ಪ. ಅಲ್ಲಿಂದ ಮುಂದೆ ಹರಿಯುವುದು ಬಹುಮಟ್ಟಿಗೆ ಮೋರಿಗಳ ನೀರೇ. 1376 ಕಿಲೋಮೀಟರ್ ಉದ್ದದ ಯಮುನೆಯಲ್ಲಿ ವಜೀರಾಬಾದಿನಿಂದ ಓಖ್ಲಾವರೆಗಿನ ಭಾಗ ಬರೀ 22 ಕಿಲೋಮೀಟರ್, ಅಂದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ನದಿಯ ಒಟ್ಟು ಮಾಲಿನ್ಯದ ಸುಮಾರು ಮುಕ್ಕಾಲು ಪಾಲು ಈ ತುಣುಕಿನಲ್ಲೇ ಸೇರುತ್ತದೆಂದು ಸರ್ಕಾರದ ವರದಿಗಳೇ ಹೇಳಿವೆ. ನೊರೆ ಎಂಬುದು ಒಳಗಿನ ಕಾಯಿಲೆಗೆ ಮೈಮೇಲೆ ಎದ್ದ ಗುಳ್ಳೆ.

ಚಿತ್ರದ ವಿಮರ್ಶೆಯಲ್ಲಿ ಈ ಪಾಠವೇಕೆ ಎಂದು ವಾಚಕರು ಕೇಳಬಹುದು. ಸಂಬಂಧವಿದೆ. 2021ರ ನವೆಂಬರಿನಲ್ಲಿ, ಛಠ್ ಪೂಜೆಯ ಸಮಯಕ್ಕೆ, ಇಂಥವೇ ಚಿತ್ರಗಳು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದವು. ಜನಜಾಗೃತಿ ಆಯಿತೆ? ಆಯಿತು, ಗದ್ದಲವೂ ಆಯಿತು. ಸರ್ಕಾರದವರು ಎಚ್ಚೆತ್ತು ನದಿಗೆ ದೋಣಿಗಳನ್ನು ಇಳಿಸಿದರು, ಬಿದಿರಿನ ತಡೆ ಕಟ್ಟಿದರು, ಪೈಪು ಹಿಡಿದು ನೊರೆಯ ಮೇಲೆ ನೀರು ಚಿಮುಕಿಸಿದರು. ಜನ ನಕ್ಕರು. ನಮಗೆ ಮಾತ್ರ ಆ ಪೈಪು ಹಿಡಿದ ನೌಕರನ ಮೇಲೆ ಮರುಕವೇ ಬಂತು. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ದೂರಿನಲ್ಲಿ ಏನು ಬರೆದಿದೆಯೋ ಉತ್ತರ ಅಷ್ಟಕ್ಕೇ ಹೋಗುತ್ತದೆ. ಚಿತ್ರಗಳು 'ನೊರೆ ಇದೆ' ಎಂದು ದೂರು ಕೊಟ್ಟವು. 'ನೊರೆ ತೆಗೆಯಲಾಗುತ್ತಿದೆ' ಎಂದು ಉತ್ತರ ಬಂತು. ಮೋರಿಯ ಬಗ್ಗೆ ದೂರಿನಲ್ಲಿ ಒಂದು ಮಾತೂ ಇರಲಿಲ್ಲ.

ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಯ ಕಥೆಯೂ ಇದೇ ಜಾತಿಯದು. ರಸ್ತೆಗೆ ಹಾರಿ ಬರುವ ನೊರೆಯ ಚಿತ್ರಗಳನ್ನು ಅಲ್ಲಿನ ಹುಡುಗರು ಫೋನಿನಲ್ಲಿ ತೆಗೆದು ಹಂಚಿದರು. ಕಂಡುಕೊಂಡ ಪರಿಹಾರಗಳಲ್ಲೊಂದು, ನೊರೆ ರಸ್ತೆಗೆ ಬೀಳದಂತೆ ಜಾಲರಿ ಕಟ್ಟುವುದು! ಆದರೆ 2017ರ ಫೆಬ್ರವರಿಯಲ್ಲಿ ಕೆರೆಗೇ ಬೆಂಕಿ ಬಿದ್ದು ಹೊಗೆ ಎದ್ದ ಚಿತ್ರಗಳು ಸುದ್ದಿಯಾದಾಗ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಕೆರೆಗೆ ಸೇರುವ ಕೊಳಚೆಯತ್ತ ಪ್ರಶ್ನೆ ತಿರುಗಿತು. ಕೆರೆಗೆ ಬೆಂಕಿ ಬೀಳುವುದು ಹೇಗೆ ಎಂದು ಕೇಳದೆ ಇರಲು ಯಾರಿಂದಲೂ ಆಗಲಿಲ್ಲವೆಂದು ತೋರುತ್ತದೆ. ನೊರೆಯ ಚಿತ್ರ ಆ ಪ್ರಶ್ನೆಯನ್ನು ಎಬ್ಬಿಸುವುದಿಲ್ಲ, ಅಷ್ಟು ಅಂದವಾಗಿರುತ್ತದೆ.

ಚೌಕಟ್ಟಿನೊಳಗೆ ಏನು ಬಂತು, ಏನು ಹೊರಗುಳಿಯಿತು ಎಂಬುದಕ್ಕೆ ಇಷ್ಟು ಬೆಲೆಯಿದೆ. ಈ ವಿಷಯದಲ್ಲಿ ನಮ್ಮ ಹುಡುಗರು ತಮಗಿಂತ ಕಿರಿಯನೊಬ್ಬನ ಚಿತ್ರವನ್ನು ನೋಡಬೇಕು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2021ರ ಕಿರಿಯರ ಪ್ರಶಸ್ತಿ ಬಂದದ್ದು ಬೆಂಗಳೂರಿನ ಹತ್ತು ವರ್ಷದ ವಿದ್ಯುನ್ ಹೆಬ್ಬಾರನಿಗೆ. ಗೋಡೆಯ ಸಂದಿನಲ್ಲಿ ಬಲೆ ಕಟ್ಟಿದ ಪುಟ್ಟ ಜೇಡ. ಹಿಂದೆ ಹಾದುಹೋದ ಆಟೋರಿಕ್ಷಾದ ಬಣ್ಣಗಳು ಕಾಮನಬಿಲ್ಲಿನ ಹಾಗೆ ಮಸುಕಾಗಿ ಹರಡಿವೆ. ಆಟೋ ಇಲ್ಲದಿದ್ದರೆ ಅದು ಯಾವ ಕಾಡಿನ ಜೇಡವಾದರೂ ಆಗಬಹುದಿತ್ತು. ಆಟೋ ಇರುವುದರಿಂದ ಅದು ನಮ್ಮ ಬೀದಿಯ ಜೇಡ. ನಮ್ಮ ಬಹುಮಾನದ ಚಿತ್ರದಲ್ಲಿ ದೆಹಲಿಯೇ ಇಲ್ಲ.

ಆ ಚಿತ್ರದ ಮೂಲೆಯ ಹೆಂಗಸಿನ ವಿಷಯವೂ ನಮ್ಮನ್ನು ಕಾಡಿತು. "ಅವರನ್ನು ಮಾತಾಡಿಸಿದೆಯೇನಪ್ಪಾ?" ಎಂದು ಹುಡುಗನನ್ನು ಕೇಳಿದೆವು. "ಇಲ್ಲ ಅಂಕಲ್, ದೂರದಿಂದ ಝೂಮ್ ಮಾಡಿದ್ದು" ಎಂದ. ನೋಡಿದವರಲ್ಲಿ ಕೆಲವರು ಅಯ್ಯೋ ಎಂದರು, ಕೆಲವರು ಮೂಢನಂಬಿಕೆ ಎಂದು ನಕ್ಕರು. ಆಕೆ ವ್ರತ ಹಿಡಿದು, ಉಪವಾಸವಿದ್ದು, ತನ್ನ ಹೊಳೆಗೆ ಬಂದವಳು. ನೊರೆ ಕಳಿಸಿದವರು ನಾವು; ಚಿತ್ರದಲ್ಲಿ ತಪ್ಪಿತಸ್ಥಳಂತೆ ನಿಂತವಳು ಅವಳು.

ಇದಕ್ಕೆ ಜಪಾನಿನ ಮಿನಮಾಟದ ಉದಾಹರಣೆ ನೆನಪಾಗುತ್ತದೆ. ಅಲ್ಲಿ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ ಸೇರಿ, ಮೀನು ತಿಂದವರ ನರಗಳೇ ಕೆಟ್ಟವು. ಕಾಯಿಲೆ 1956ರಲ್ಲಿ ಅಧಿಕೃತವಾಗಿ ದಾಖಲಾಯಿತು. ಕುವಬಾರಾ ಶಿಸೇ ಎಂಬ ಛಾಯಾಗ್ರಾಹಕರು 1960ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ, ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದರು. 1965ರಲ್ಲಿ ಅವರ ಪುಸ್ತಕ ಬಂತು. ಆಮೇಲೂ ದಶಕಗಟ್ಟಲೆ ಹೋಗುತ್ತಲೇ ಇದ್ದರು. 1971ರಲ್ಲಿ ಅಮೆರಿಕದ ಯೂಜೀನ್ ಸ್ಮಿತ್ ತಮ್ಮ ಪತ್ನಿ ಐಲೀನ್ ಜೊತೆ ಹೋಗಿ ಮೂರು ವರ್ಷ ಅಲ್ಲೇ ಮನೆ ಮಾಡಿಕೊಂಡಿದ್ದರು. ಐಲೀನರಿಗೆ ಆಗ 21 ವರ್ಷ. ಹುಟ್ಟುವಾಗಲೇ ಕಾಯಿಲೆ ತಗುಲಿ ಕೈಕಾಲು ಸೊಟ್ಟಗಾದ ಮಗಳನ್ನು ತಾಯಿ ಸ್ನಾನದ ತೊಟ್ಟಿಯಲ್ಲಿ ಎತ್ತಿ ಹಿಡಿದಿರುವ ಸ್ಮಿತ್ ಅವರ ಚಿತ್ರ ಜಗತ್ತಿಗೆಲ್ಲ ಗೊತ್ತಾಯಿತು. ತಾಯಿಯ ಒಪ್ಪಿಗೆಯಿಂದ ತೆಗೆದ ಚಿತ್ರ ಅದು. ಕಾರ್ಖಾನೆಯ ಹೊಲಸು ನೀರು ಹೊರಬೀಳುವ ಚಿತ್ರವನ್ನೂ ಅವರು ತೆಗೆದಿದ್ದರೆಂಬುದನ್ನು ಮರೆಯಬಾರದು. ಹಾಗಿದ್ದೂ, ಮಗಳು 1977ರಲ್ಲಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಅವಳಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ ಎಂದು ತಂದೆತಾಯಿ ಬಯಸಿದಾಗ, ಐಲೀನ್ 1998ರಲ್ಲಿ ಆ ಚಿತ್ರವನ್ನು ಮುಂದೆ ಪ್ರಕಟಣೆಗೆ ಕೊಡದಿರಲು ಒಪ್ಪಿದರು. ಒಬ್ಬರು ಝೂಮ್ ಮಾಡಿ ಮನೆಗೆ ಹೋದರು, ಇನ್ನೊಬ್ಬರು ಇಪ್ಪತ್ತೇಳು ವರ್ಷ ಆ ಮನೆಯವರ ಮಾತು ಕೇಳುತ್ತಿದ್ದರು.

ಉಳಿದ ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಗೆಮಂಜಿನಲ್ಲಿ ಮುಳುಗಿದ ಇಂಡಿಯಾ ಗೇಟ್ ನಾಲ್ಕು ಇದ್ದವು, ಒಂದು ಸಾಕಿತ್ತು. ಬಿರುಕು ಬಿಟ್ಟ ನೆಲದ ಚಿತ್ರ ಯಾವ ಊರಿನದೆಂದು ತೆಗೆದವನಿಗೂ ಮರೆತಿತ್ತು. ಗಾಜೀಪುರದ ಕಸದ ಬೆಟ್ಟದ ಮೇಲೆ ಹದ್ದುಗಳು ಸುತ್ತುವ ಚಿತ್ರ ಪರವಾಗಿಲ್ಲ. ಆ ಜಾಗ ಭರ್ತಿಯಾಗಿದೆಯೆಂದು 2002ರಲ್ಲೇ ಹೇಳಿದ್ದರೂ ಆಮೇಲೂ ಕಸ ಸುರಿದರೆಂಬ ಒಂದು ಸಾಲು ಕೆಳಗಿದ್ದಿದ್ದರೆ ಹದ್ದಿಗಿಂತ ಹೆಚ್ಚು ಕೆಲಸ ಮಾಡುತ್ತಿತ್ತು.

ಅಡಿಗೆಮನೆಯ ಬಾಗಿಲ ಬಳಿ, ಕಾಫಿ ಲೋಟಗಳ ಟ್ರೇ ಇಡುವ ಮೇಜಿನ ಹಿಂದೆ, ಮೂರು ಬೂದುಬಣ್ಣದ ಚಿತ್ರಗಳು ಒಂದೇ ಸಾಲಿನಲ್ಲಿ ತೂಗುತ್ತಿದ್ದವು. ಮೊದಲ ದಿನ ನಾವು ಅವನ್ನು ನೋಡಿರಲೇ ಇಲ್ಲ. ಮೂರೂ ಒಂದೇ ಜಾಗ: ನಜಫ್‌ಗಢ ಮೋರಿಯ ಮೇಲಿನ ಸೇತುವೆಯಿಂದ ಕೆಳಗೆ ನೋಡಿ ತೆಗೆದದ್ದು. ಮೇ, ಆಗಸ್ಟ್, ನವೆಂಬರ್ ತಿಂಗಳ ತಾರೀಖು, ಗಂಟೆ, ಸೇತುವೆಯ ಹೆಸರು ಪೆನ್ಸಿಲಿನಲ್ಲಿ ಬರೆದಿತ್ತು. ಮೇ ತಿಂಗಳ ನೀರು ಕಪ್ಪು, ಆಗಸ್ಟಿನದು ಕೆಂಚು, ನವೆಂಬರಿನದು ಮತ್ತೆ ಕಪ್ಪು. ದಂಡೆಯ ಆಚೆ ಮನೆಗಳ ಸಾಲು, ಒಣಹಾಕಿದ ಬಟ್ಟೆ. ಕೊನೆಯಲ್ಲಿ ಒಂದು ಸಾಲು: 'ಇದು ಹಿಂದೆ ಸಾಹಿಬಿ ಎಂಬ ನದಿ.' ಮಾತು ನಿಜ. ರಾಜಸ್ಥಾನದಲ್ಲಿ ಹುಟ್ಟುವ ಸಾಹಿಬಿಯ ಕೊನೆಯ ಭಾಗವೇ ದೆಹಲಿಯಲ್ಲಿ ನಜಫ್‌ಗಢ ಮೋರಿ ಎನ್ನಿಸಿಕೊಂಡು ವಜೀರಾಬಾದಿನ ಕೆಳಗೆ ಯಮುನೆಗೆ ಸೇರುತ್ತದೆ.

ತೆಗೆದವಳು ಜನಕಪುರಿ ಕಡೆಯ ಕಾಲೇಜು ಹುಡುಗಿ. "ಇದಕ್ಕೆ ಎಷ್ಟು ಚೀಟಿ ಬಂತಮ್ಮಾ?" ಎಂದೆವು.

"ಎರಡು, ಅಂಕಲ್. ಒಂದು ನಮ್ಮಮ್ಮಂದು."

"ಇದನ್ನೇ ಯಾಕೆ ತೆಗೆದೆ?"

"ನಮ್ಮ ಮನೆ ಬಚ್ಚಲ ನೀರು ಎಲ್ಲಿಗೆ ಹೋಗತ್ತೆ ಅಂತ ಹುಡುಕ್ಕೊಂಡು ಹೋದೆ. ಇಲ್ಲಿಗೆ ಬಂತು."

ಈ ಊರಿಗೆ ಬಂದು ಇಪ್ಪತ್ತು ವರ್ಷಗಳಲ್ಲಿ ನಮ್ಮ ಕ್ವಾರ್ಟರ್ಸಿನ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ನಾವು ವಿಚಾರಿಸಿದವರಲ್ಲ. ಮರುದಿನ ಕೇಳಿದಾಗ ಕ್ವಾರ್ಟರ್ಸಿನ ಪ್ಲಂಬರನೂ "ನೀಚೇ ಜಾತಾ ಹೈ, ಸಾಬ್" ಎಂದ. ಹುಡುಗಿ ಬರುವ ಮೇ ತಿಂಗಳಲ್ಲಿ ಅದೇ ಸೇತುವೆಗೆ ಮತ್ತೆ ಹೋಗುವಳಂತೆ. ಮುಂದಿನ ಪ್ರದರ್ಶನದಲ್ಲಿ ಆಕೆಯ ಚಿತ್ರಗಳಿಗೆ ಕಾಫಿ ಟ್ರೇಯ ಹಿಂದಿನ ಗೋಡೆಯನ್ನು ಕೊಡಬಾರದೆಂದು ಕಾರ್ಯಕಾರಿ ಸಮಿತಿಯವರಲ್ಲಿ ನಮ್ಮ ವಿನಂತಿ.